ತಂದೆಯ ಉದ್ಯೋಗ: ಗಣಿ ಕೆಲಸ

ಕಳೆದ ತಿಂಗಳು ನನ್ನ ಮೊಮ್ಮಗಳು ಶಾಲೆಯ ಪ್ರಾಜೆಕ್ಟ್ ಹಾಳೆ ಹಿಡಿದು ಬಂದಳು. ವಂಶವೃಕ್ಷ ಬರೆದು, ಪ್ರತಿ ಹೆಸರಿನ ಕೆಳಗೆ ಅವರ ಉದ್ಯೋಗ ತುಂಬಬೇಕಂತೆ.

"ತಾತ, ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?"

"ಕೋಲಾರದ ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ ಕಲ್ಲು ಒಡೆಯೋ ಕೆಲಸ."

"ಚಿನ್ನಾನಾ! ನಮ್ಮನೇಲಿ ಎಷ್ಟಿದೆ?" ಎಂದಳು. ಎಲ್ಲರೂ ನಕ್ಕೆವು.

ಈ ಉತ್ತರವನ್ನು ಇಷ್ಟು ಸಲೀಸಾಗಿ ಹೇಳಲು ನನಗೆ ಮೂವತ್ತು ವರ್ಷ ಹಿಡಿಯಿತು. ಹೇಳಲು ಕಲಿಸಿದವರು ನಾನೆಂದೂ ಕಾಣದ ಅಮೆರಿಕದ ಹಾಡುಗಾರ್ತಿ ಲೊರೆಟ್ಟಾ ಲಿನ್.

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನಲ್ಲಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಪ್ಪ ಸೈರನ್ ಕೂಗಿದಾಗ ಹೋಗಿ, ಮೈತುಂಬ ಧೂಳು ಹೊತ್ತು ಬರುತ್ತಿದ್ದರು. ಆ ಧೂಳು ಎದೆಯೊಳಗೂ ಇಳಿದು ರಾತ್ರಿಯೆಲ್ಲ ಕೆಮ್ಮು. ಆ ಸಂಬಳದಲ್ಲೇ ನನ್ನನ್ನು ಬಿ.ಕಾಂ. ಓದಿಸಿದರು. ಬೆಂಗಳೂರಿನಲ್ಲಿ ಬ್ಯಾಂಕಿಗೆ ಅರ್ಜಿ ಹಾಕುವಾಗ 'ತಂದೆಯ ಉದ್ಯೋಗ' ಎಂಬಲ್ಲಿ ನಾನು ಬರೆದದ್ದು 'ಸರ್ಕಾರಿ ನೌಕರಿ'. ಸುಳ್ಳೇನಲ್ಲ, ಗಣಿ ಸರ್ಕಾರದ್ದೇ ಆಗಿತ್ತು. ಒಮ್ಮೆ ಅಪ್ಪ ಹುರಿಗಡಲೆ ಉಂಡೆಯ ಡಬ್ಬ ಹಿಡಿದು ಬ್ಯಾಂಕಿಗೇ ಬಂದುಬಿಟ್ಟರು. ಮ್ಯಾನೇಜರು "ಯಾರ್ರೀ ಇವರು?" ಎಂದರು. "ಊರಿಂದ ಬಂದಿದ್ದಾರೆ ಸಾರ್" ಎಂದೆ. ಅದೂ ಸುಳ್ಳಲ್ಲ. ಅಪ್ಪನಿಗೆ ಕೇಳಿಸಿತು. ಏನೂ ಅನ್ನಲಿಲ್ಲ. ಡಬ್ಬ ಕೊಟ್ಟು ಸಂಜೆ ರೈಲಿಗೆ ಹೊರಟುಹೋದರು. 1979ರಲ್ಲಿ ತೀರಿಕೊಂಡರು.

ಎರಡು ವರ್ಷದ ನಂತರ ಕ್ರಿಸ್‌ಮಸ್‌ಗೆ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಅವರೂ ಕೆ.ಜಿ.ಎಫ್.ನ ಆಂಗ್ಲೋ ಇಂಡಿಯನ್. ಕುಲ್‌ಕುಲ್ ತಿನ್ನುತ್ತಾ ಕೂತಿದ್ದಾಗ ಅವರು ಒಂದು ಕ್ಯಾಸೆಟ್ ಹಾಕಿ, "ಇದು ನಮ್ಮಂಥವರ ಹಾಡು, ಕೇಳಿ" ಎಂದರು. ಬ್ಯಾಂಜೋದ ಟಿಣಿಟಿಣಿ ನಾದ, ಅದರ ಮೇಲೆ ಒಂದು ಹೆಣ್ಣುದನಿ. ಮೊದಲು ಆ ಉಚ್ಚಾರ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದಾಗ ತಿಳಿಯಿತು: ತಾನು ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು ಎಂದು ಆಕೆ ಹೆಮ್ಮೆಯಿಂದ ಹಾಡುತ್ತಿದ್ದಾರೆ. ಹಾಡಿನ ಹೆಸರೂ ಅದೇ, 'ಕೋಲ್ ಮೈನರ್ಸ್ ಡಾಟರ್'. ನನ್ನ ಬಾಯಲ್ಲಿದ್ದ ಕುಲ್‌ಕುಲ್ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಲೊರೆಟ್ಟಾ ಹುಟ್ಟಿದ್ದು 1932ರಲ್ಲಿ, ಕೆಂಟಕಿ ರಾಜ್ಯದ ಬುಚರ್ ಹಾಲೋ ಎಂಬ ಬೆಟ್ಟದ ಸಂದಿಯ ಊರಿನಲ್ಲಿ. ಎಂಟು ಮಕ್ಕಳಲ್ಲಿ ಎರಡನೆಯವರು. ತಂದೆ ಟೆಡ್ ವೆಬ್ ಕಲ್ಲಿದ್ದಲು ಗಣಿಯಲ್ಲಿ ದುಡಿದು, ಜೊತೆಗೆ ಒಂದಿಷ್ಟು ಬೇಸಾಯವನ್ನೂ ಮಾಡುತ್ತಿದ್ದರು. ಹದಿನೈದು ತುಂಬಿದ್ದಾಗಲೇ ಲೊರೆಟ್ಟಾಗೆ ಮದುವೆಯಾಯಿತು. ಆ ಕಾಲದ ನಮ್ಮ ಅಜ್ಜಿಯರ ಕಥೆಯೇ ಅಲ್ಲಿಯೂ. ಗಂಡನ ಜೊತೆ ಸಾವಿರಾರು ಮೈಲಿ ದೂರದ ವಾಷಿಂಗ್ಟನ್ ರಾಜ್ಯಕ್ಕೆ ಹೋದರು.

ಮನೆಯಲ್ಲಿ ಮಕ್ಕಳನ್ನು ಮಲಗಿಸುತ್ತಾ ಹಾಡುತ್ತಿದ್ದ ಹೆಂಡತಿಯ ಕಂಠ ಕೇಳಿ ಗಂಡ 17 ಡಾಲರಿನ ಗಿಟಾರ್ ತಂದುಕೊಟ್ಟರು. ಕಲಿಸಲು ಮೇಷ್ಟರಿಲ್ಲ. ತಾವೇ ತಂತಿ ಮೀಟಿ ಕಲಿತರು, ತಾವೇ ಹಾಡು ಕಟ್ಟಿದರು. 1960ರಲ್ಲಿ ಒಂದು ಪುಟ್ಟ ಕಂಪನಿ ಮೊದಲ ರೆಕಾರ್ಡ್ ಹೊರತಂದಿತು. ಅದಕ್ಕೆ ಪ್ರಚಾರ ಮಾಡುವವರು ಯಾರು? ಗಂಡ ಹೆಂಡತಿಯೇ ರೆಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿದರು. ಕಾರಿನಲ್ಲಿ ಊರೂರು ಸುತ್ತಿ, ರೇಡಿಯೋ ಕೇಂದ್ರಗಳ ಬಾಗಿಲು ತಟ್ಟಿ, "ದಯವಿಟ್ಟು ಇದನ್ನೊಮ್ಮೆ ಹಾಕಿ" ಎಂದು ಕೇಳಿಕೊಂಡರು. ಆ ಹಾಡು ಕಂಟ್ರಿ ಸಂಗೀತದ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿ, ಗಿಟಾರ್, ಪಿಟೀಲು, ಬ್ಯಾಂಜೋ ಜೊತೆ ಬೆಳೆದ ಸಂಗೀತ. ಅದರ ರಾಜಧಾನಿ ನ್ಯಾಶ್‌ವಿಲ್. ಅದೇ ವರ್ಷ ಅಲ್ಲಿನ 'ಗ್ರ್ಯಾಂಡ್ ಓಲ್ ಆಪ್ರಿ' ವೇದಿಕೆಯಲ್ಲಿ ಲೊರೆಟ್ಟಾ ಹಾಡಿದರು.

ಅಲ್ಲಿ ಆಗ ಪ್ಯಾಟ್ಸಿ ಕ್ಲೈನ್ ದೊಡ್ಡ ಹೆಸರು. 1961ರಲ್ಲಿ ಕಾರು ಅಪಘಾತವಾಗಿ ಆಸ್ಪತ್ರೆಯಲ್ಲಿದ್ದರು. ಹೊಸಬರಾದ ಲೊರೆಟ್ಟಾ ರೇಡಿಯೋದಲ್ಲಿ ಪ್ಯಾಟ್ಸಿಯ ಹಾಡನ್ನೇ ಅವರಿಗಾಗಿ ಹಾಡಿದರು. ಹಾಸಿಗೆಯಲ್ಲೇ ಅದನ್ನು ಕೇಳಿದ ಪ್ಯಾಟ್ಸಿ ಹೇಳಿಕಳಿಸಿ ಕರೆಸಿಕೊಂಡರು. ಅಲ್ಲಿಂದ ಇಬ್ಬರೂ ಅಕ್ಕತಂಗಿಯರಂತೆ ಆದರು. 1963ರಲ್ಲಿ ವಿಮಾನ ಬಿದ್ದು ಪ್ಯಾಟ್ಸಿ ತೀರಿಕೊಂಡರು, ಆಗ ಅವರಿಗೆ ಮೂವತ್ತೇ ವರ್ಷ. ಮರುವರ್ಷ ಹುಟ್ಟಿದ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಲೊರೆಟ್ಟಾ ಪ್ಯಾಟ್ಸಿ ಎಂದೇ ಹೆಸರಿಟ್ಟರು. 1977ರಲ್ಲಿ ಗೆಳತಿಯ ಹಾಡುಗಳದ್ದೇ ಒಂದು ಆಲ್ಬಂ ಮಾಡಿದರು.

ನಾನು ಕೇಳಿದ ಆ ಹಾಡು ಬಿಡುಗಡೆಯಾದದ್ದು 1970ರಲ್ಲಿ. ಅದರಲ್ಲಿ ಅಪ್ಪನ ದುಡಿಮೆ, ಅಮ್ಮನ ಬಟ್ಟೆ ಒಗೆಯುವ ಕೈಗಳು, ಚಳಿಗಾಲಕ್ಕೆ ಮಾತ್ರ ಸಿಗುತ್ತಿದ್ದ ಬೂಟುಗಳು ಎಲ್ಲ ಇವೆ. ಅವರು ಬರೆದದ್ದು ಇನ್ನೂ ಉದ್ದವಿತ್ತಂತೆ. ರೆಕಾರ್ಡಿಗೆ ಹಿಡಿಸದೆಂದು ನಿರ್ಮಾಪಕ ಓವನ್ ಬ್ರಾಡ್ಲಿ ಕೆಲವು ಚರಣಗಳನ್ನು ತೆಗೆಸಿದರು. ಬಡತನವನ್ನು ಅತ್ತು ಹೇಳಿಲ್ಲ, ಮುಚ್ಚಿಯೂ ಇಟ್ಟಿಲ್ಲ. ನಮ್ಮ ಮನೆ ಹೀಗಿತ್ತು, ನಮ್ಮಪ್ಪ ಹೀಗೆ ಸಾಕಿದರು ಎಂದು ಲೆಕ್ಕ ಒಪ್ಪಿಸಿದಂತೆ ಹೇಳಿದ್ದಾರೆ. ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಕೊಡುವ 'ವರ್ಷದ ಕಲಾವಿದ' ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ. ಅದೇ ಹೆಸರಿನಲ್ಲಿ ಆತ್ಮಕಥೆ ಬಂತು. 1980ರಲ್ಲಿ ಸಿನಿಮಾ ಬಂತು. ಲೊರೆಟ್ಟಾ ಪಾತ್ರ ಮಾಡಿದ ಸಿಸ್ಸಿ ಸ್ಪೇಸೆಕ್ ತಾವೇ ಹಾಡಿ, ಆಸ್ಕರ್ ಗೆದ್ದರು. ಅಪ್ಪನ ಗಣಿಯೂರು ವ್ಯಾನ್ ಲಿಯರ್ ಹೆಸರಿಟ್ಟು 'ವ್ಯಾನ್ ಲಿಯರ್ ರೋಸ್' ಎಂಬ ಆಲ್ಬಂ ತಂದಾಗ ಅವರಿಗೆ 72 ವರ್ಷ. ಅದಕ್ಕೆ ಎರಡು ಗ್ರ್ಯಾಮಿ ಬಂದವು. 2022ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಟೆಡ್ ವೆಬ್ ಇದ್ಯಾವುದನ್ನೂ ಕೇಳಲಿಲ್ಲ. ಮಗಳ ಮೊದಲ ರೆಕಾರ್ಡ್ ಬರುವ ಹಿಂದಿನ ವರ್ಷ, 1959ರಲ್ಲೇ ಹೋಗಿಬಿಟ್ಟಿದ್ದರು. ಇದನ್ನು ಓದಿದ ದಿನ ನನಗೆ ಅಪ್ಪನ ಉಂಡೆ ಡಬ್ಬ ನೆನಪಾಯಿತು. ಇಬ್ಬರು ಅಪ್ಪಂದಿರಿಗೂ ಕೇಳಿಸಲಿಲ್ಲ. ಆದರೆ ಆ ಮಗಳು ಹಾಡಿದರು. ನನಗೆ ಒಂದು ಮಾತು ಹೇಳುವ ಅವಕಾಶ ಸಿಕ್ಕಿದ್ದಾಗ ನಾನು ಹೇಳಲಿಲ್ಲ.

ಆ ಹೊಸ ವರ್ಷದಲ್ಲಿ ಬ್ಯಾಂಕಿನಲ್ಲಿ ಯಾವುದೋ ಮಾತಿಗೆ, "ನಮ್ಮ ತಂದೆ ಗಣಿ ಕಾರ್ಮಿಕರು" ಎಂದೆ. ಯಾರೂ ಬೆಚ್ಚಿಬೀಳಲಿಲ್ಲ. ಪಕ್ಕದ ಕೌಂಟರಿನವರು, "ಹೌದಾ? ಒಳಗೆ ಬಹಳ ಸೆಖೆಯಂತೆ?" ಎಂದು ಕೇಳಿದರು, ಅಷ್ಟೇ. ಇಷ್ಟಕ್ಕಾಗಿ ಅಷ್ಟು ವರ್ಷ ಮುಚ್ಚಿಟ್ಟಿದ್ದೆನೇ ಅನಿಸಿತು.

ಮೊಮ್ಮಗಳು ಮುತ್ತಾತನ ಹೆಸರಿನ ಕೆಳಗೆ 'ಗಣಿ ಕೆಲಸ' ಎಂದು ದಪ್ಪ ಅಕ್ಷರದಲ್ಲಿ ಬರೆದು, ದೀಪವಿರುವ ಟೋಪಿಯ ಚಿತ್ರ ಬಿಡಿಸಿದಳು. ಫೋನಿನಲ್ಲಿ ಲೊರೆಟ್ಟಾ ಹಾಡು ಹಾಕಿಕೊಟ್ಟೆ. ಪೂರ್ತಿ ಕೇಳಿ, "ತಾತ, ಇನ್ನೊಂದ್ಸಲ" ಎಂದಳು.

ಮಕ್ಕಳೇ, ನಿಮ್ಮ ತಾತ, ಮುತ್ತಾತ ಏನು ಕೆಲಸ ಮಾಡುತ್ತಿದ್ದರೆಂದು ಮನೆಯಲ್ಲಿ ಕೇಳಿ. ತಾತ ಅಜ್ಜಿಯರೇ, ಅವರು ಕೇಳಿದಾಗ 'ನೌಕರಿ' ಎಂದಷ್ಟೇ ಹೇಳಿ ಮುಗಿಸಬೇಡಿ.