ಮರೆವಿನ ಕಳ್ಳದಾರಿ

ಕೊಲೆಯ ಕಾದಂಬರಿ ಓದುವಾಗ ಕೈಯಲ್ಲಿ ಪೆನ್ಸಿಲ್ ಇಲ್ಲದಿದ್ದರೆ ನನಗೆ ಓದಿದಂತೆಯೇ ಆಗುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು, ಯಾವ ಬಾಗಿಲಿಗೆ ಚಿಲಕ ಹಾಕಿತ್ತು, ಯಾರ ಮಾತು ನಡುವೆ ತುಂಡಾಯಿತು, ಎಲ್ಲದಕ್ಕೂ ಅಂಚಿನಲ್ಲಿ ಗುರುತು. ಕೊನೆಯ ಅಧ್ಯಾಯಗಳು ಬಾಕಿ ಇರುವಾಗ ಪುಸ್ತಕ ಮುಚ್ಚಿ, ಹಿಂದಿನ ಖಾಲಿ ಹಾಳೆಯಲ್ಲಿ ಕೊಲೆಗಾರನ ಹೆಸರು ಬರೆದೇ ಮುಂದೆ ಹೋಗುವುದು. ಮಂಗಳೂರಿನ ಆಟಿ ತಿಂಗಳ ಮಳೆರಾತ್ರಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಈ ಮಳೆಗಾಲದಲ್ಲಿ ಓದಿದ ಇಂಗ್ಲಿಷ್ ಥ್ರಿಲ್ಲರೊಂದು ಆ ಸುಖವನ್ನೇ ಕೆಡಿಸಿತು. ಮಗುವನ್ನು ಕಳೆದುಕೊಂಡ ತಾಯಿ ಕತೆ ಹೇಳುತ್ತಾಳೆ. ಪಕ್ಕದ ಮನೆಯಲ್ಲಿ ಕೊಲೆಯಾಗುತ್ತದೆ. ಜಗಲಿಯಲ್ಲಿದ್ದ ಮಗುವಿನ ಚಪ್ಪಲಿಯನ್ನು ಎತ್ತಿಡಲು ಅವಳಿಂದ ಆಗದ ಭಾಗ ಎಷ್ಟು ಚೆನ್ನಾಗಿದೆಯೆಂದರೆ ನಾನು ಪೆನ್ಸಿಲ್ ಕೆಳಗಿಟ್ಟೆ. ಕೊನೆಗೆ ನೋಡಿದರೆ ಕೊಂದವಳು ಅವಳೇ. ದುಃಖದ ಹೊಡೆತಕ್ಕೆ ಅದು ಮರೆತುಹೋಗಿತ್ತು ಎಂಬುದೇ ವಿವರಣೆ.

ಇದು ಮೋಸ. ಓದುಗರಿಂದ ಅಡಗಿಸಿಡುವುದಕ್ಕೆ ನನ್ನ ತಕರಾರಿಲ್ಲ. 1926ರಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಬಂದಾಗಲೂ ಮೋಸವೆಂದವರಿದ್ದರು. ಆದರೆ ಅಲ್ಲಿ ಕತೆ ಹೇಳುವ ಕೊಲೆಗಾರ ಬಾಯಿಬಿಡದ, ರಾತ್ರಿ 8.40ರಿಂದ 8.50ರವರೆಗಿನ ಹತ್ತು ನಿಮಿಷ ಪುಟದ ಮೇಲೆಯೇ ಇದೆ. ಹಿಂದೆ ಮಗುಚಿದವರಿಗೆ ಸಿಗುತ್ತದೆ, ತಾನು ಅದನ್ನು ದಾಟಿಹೋದದ್ದೂ ಗೊತ್ತಾಗುತ್ತದೆ. ಮರೆವಿನ ಕತೆಯಲ್ಲಿ ಹಿಂದೆ ಮಗುಚಿದರೆ ಏನೂ ಇಲ್ಲ, ಹೇಳುವವಳಿಗೇ ಗೊತ್ತಿಲ್ಲವಲ್ಲ! ಟ್ವಿಸ್ಟ್ ಅದ್ಭುತ ಎಂದು ಹೊಗಳುವ ಗೆಳೆಯರನ್ನು ನಾನು ಕೇಳುವುದು ಒಂದೇ: ಸುಳಿವು ಯಾವ ಪುಟದಲ್ಲಿತ್ತು, ತೋರಿಸಿ.

ಆಟದ ನಿಯಮ ಹಾಗಿರಲಿ. ದುಃಖದ ಬಗ್ಗೆ ಇಂಥ ಕತೆ ಹೇಳುವ ಸುಳ್ಳು ನನಗೆ ಇನ್ನೂ ಸಹಿಸಲಾಗದ್ದು. ಸಾವಿನ ಮನೆಯಲ್ಲಿ ಕೂತು ಬಂದವರಿಗೆ ಗೊತ್ತು: ಕೊನೆಯ ಗುಟುಕು ನೀರು ಕೇಳಿದ್ದು ಎಷ್ಟು ಗಂಟೆಗೆ, ಡಾಕ್ಟರು ಏನೆಂದರು, ಆಗ ಒಲೆಯ ಮೇಲೆ ಏನಿತ್ತು, ಬಂದವರಿಗೆಲ್ಲ ಮೊದಲಿನಿಂದ ಹೇಳುತ್ತಾರೆ. ಒಂದು ವಿವರವೂ ಆಚೀಚೆ ಆಗುವುದಿಲ್ಲ. ವರ್ಷಗಳು ಕಳೆದರೂ ಮರೆಯುವುದಿಲ್ಲ: ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೆ ನಮ್ಮ ತುಳುನಾಡಿನಲ್ಲಿ ಪ್ರೇತ ಮದುವೆ ಮಾಡುತ್ತಾರೆ. ಸೀರೆ, ಬಳೆ, ಕರಿಮಣಿ ಒಂದು ಕಡೆ, ಪಂಚೆ ಅಂಗಿ ಇನ್ನೊಂದು ಕಡೆ, ಎರಡೂ ಮನೆಯವರು ಬೀಗರಾಗಿ ಊಟಕ್ಕೆ ಕೂರುತ್ತಾರೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು, ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಹಾಗೆಯೇ ತೀರಿಕೊಂಡ ವರ ಬೇಕೆಂದು ಜಾತಿ, ಬರಿ (ಗೋತ್ರ) ಸಹಿತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಕೂಸಾಗಿ ಹೋದವಳು ಆ ಮನೆಯ ಲೆಕ್ಕದಲ್ಲಿ ಮದುವೆಯ ವಯಸ್ಸಿಗೆ ಬಂದಿದ್ದಳು.

ಮಗುವನ್ನು ಕಳೆದುಕೊಂಡ ತಾಯಿಗಿಂತ ಗಟ್ಟಿ ಸಾಕ್ಷಿ ಕೊಲೆಯ ಕತೆಗೆ ಸಿಗಲಾರದು. ಬರೆಯುವವರೇ, ಅವಳ ನೆನಪನ್ನು ಅಳಿಸಬೇಡಿ. ಅವಳನ್ನು ಕಟಕಟೆಗೆ ಕರೆಸಿ, ನೆನಪಿರುವುದನ್ನೆಲ್ಲ ಹೇಳಲು ಬಿಡಿ, ಆಮೇಲೆ ನಮ್ಮಿಂದ ಕೊಲೆಗಾರನನ್ನು ಅಡಗಿಸಿ ನೋಡಿ.