ರಾಮೇಶ್ವರದ ಸಿಹಿನೀರು

ಕಾಶಿ ಎಂದೊಡನೆ ರಾಮೇಶ್ವರವೆಂಬ ಮಾತು ನಮ್ಮ ಜನರ ನಾಲಗೆಗೆ ತಾನಾಗಿಯೇ ಬರುತ್ತದೆ. ಒಂದು ಗಂಗೆಯ ದಡದಲ್ಲಿ, ಇನ್ನೊಂದು ದಕ್ಷಿಣದ ಕೊನೆಯಲ್ಲಿ ಕಡಲ ನಡುವಣ ಪಾಂಬನ್ ದ್ವೀಪದಲ್ಲಿ ಇದ್ದರೂ, ಹಿರಿಯರು ಇವೆರಡನ್ನೂ ಒಂದೇ ಯಾತ್ರೆಯ ಎರಡು ತುದಿಗಳೆಂದು ಎಣಿಸಿದರು. ಸೇತುವಿನ ಮರಳನ್ನು ಪ್ರಯಾಗದಲ್ಲಿ ಗಂಗೆಗೆ ಒಪ್ಪಿಸಿ, ಗಂಗೆಯ ನೀರನ್ನು ತಂದು ರಾಮನಾಥಸ್ವಾಮಿಗೆ ಅಭಿಷೇಕಮಾಡಿಸಿದ ಹೊರತು ಯಾತ್ರೆಯು ಪೂರ್ಣವಾಗದೆಂಬುದು ಸಂಪ್ರದಾಯ. ಇದರ ಪುಣ್ಯಫಲವೆಷ್ಟೆಂಬುದನ್ನು ಬಲ್ಲವರು ಹೇಳಲಿ. ದೇಶದ ಒಂದು ತುದಿಯವನಿಗೆ ಮತ್ತೊಂದು ತುದಿಯ ಋಣವನ್ನು ಒಂದು ಹಿಡಿ ಮರಳಿನಿಂದಲೂ ಒಂದು ಗಿಂಡಿ ನೀರಿನಿಂದಲೂ ನೆನಪಿಗೆ ತರುವ ಈ ಪದ್ಧತಿಯು ನಮಗಂತೂ ಬಹಳ ಮೆಚ್ಚುಗೆಯಾದುದು.

ನಮ್ಮ ಮಾತೃಶ್ರೀಯವರು 1991ರಲ್ಲಿ ಕಾಶಿಗೆ ಹೋಗಿದ್ದಾಗ, ಬಾಯಿಗೆ ಬೆಸುಗೆ ಹಾಕಿಸಿದ ಎರಡು ತಾಮ್ರದ ಗಿಂಡಿಗಳಲ್ಲಿ ಗಂಗೆಯನ್ನು ತಂದರು. ಒಂದು ತಮ್ಮ ಕಡೆಗಾಲಕ್ಕೆ, ಮತ್ತೊಂದು ರಾಮೇಶ್ವರಕ್ಕೆ ಎಂದು ಅಂದೇ ವಿಂಗಡಿಸಿಟ್ಟರು. ಮೊದಲನೆಯದನ್ನು 2019ರಲ್ಲಿ ನಾವೇ ಒಡೆದು ಅವರ ಬಾಯಿಗೆ ಬಿಟ್ಟೆವು. ಎರಡನೆಯದು ದೇವರ ಗೂಡಿನಲ್ಲಿ ಹಾಗೆಯೇ ಉಳಿಯಿತು. ಪ್ರತಿ ಹಬ್ಬಕ್ಕೂ ಅದನ್ನು ಹುಣಿಸೆಹಣ್ಣಿನಿಂದ ಬೆಳಗಿ, ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗೆ ನೀರು ತುಳುಕುವುದನ್ನು ಕೇಳಿ ಸ್ವಸ್ಥಾನದಲ್ಲಿಡುವುದು ನಮ್ಮ ಮನೆಯವರ ವಾಡಿಕೆ. ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಬಳಿಕ, 2025ರ ಭಾದ್ರಪದದಲ್ಲಿ, ಮಹಾಲಯದ ದಿನಗಳಲ್ಲಿ, ನಾವಿಬ್ಬರೂ ಆ ಗಿಂಡಿಯನ್ನು ಮಡಿಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆವು.

ಮಧುರೆಯಿಂದ ಹೊರಟ ರೈಲು ಸಮುದ್ರದ ಅಂಚಿಗೆ ಬಂದು ವೇಗವನ್ನು ತಗ್ಗಿಸಿತು. 1914ಕ್ಕೆ ಮುಂಚೆ ಯಾತ್ರಿಕರು ಇಲ್ಲಿ ದೋಣಿಗಳನ್ನೇ ನಂಬಬೇಕಾಗಿತ್ತು. ಆ ವರ್ಷದ ಫೆಬ್ರವರಿ 24ರಂದು, 2 ಕಿಲೋಮೀಟರಿಗೂ ಮಿಗಿಲಾದ ಪಾಂಬನ್ ರೈಲುಸೇತುವೆಯು ಪ್ರಾರಂಭವಾಯಿತು. ಹಡಗುಗಳಿಗೆ ದಾರಿಬಿಡಲು ಅದರ ನಡುಭಾಗವು ಎರಡು ಕದಗಳಂತೆ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. 1988ರಲ್ಲಿ ಮೋಟಾರುಗಳಿಗಾಗಿ ಬೇರೊಂದು ಸೇತುವೆಯಾಯಿತು. ಹಳೆಯ ರೈಲುಸೇತುವೆಯ ಮೇಲಣ ಸಂಚಾರವು 2022ರ ಡಿಸೆಂಬರಿನಲ್ಲಿ ನಿಂತು, 2025ರ ಏಪ್ರಿಲ್ 6ರ ಶ್ರೀರಾಮನವಮಿಯಂದು ಹೊಸ ಸೇತುವೆಯು ತೆರೆಯಲ್ಪಟ್ಟಿತು. ಇದರ ನಡುವಣ 72.5 ಮೀಟರಿನ ಭಾಗವು ಹಾಗೆಯೇ ಸಮತಲವಾಗಿ ಮೇಲೇರುವಂಥದು. ಹಿಂದಿನವರು ತಿಂಗಳುಗಟ್ಟಲೆ ನಡೆದು ತಲಪುತ್ತಿದ್ದ ಕ್ಷೇತ್ರಕ್ಕೆ ನಾವು ಕುಳಿತಲ್ಲಿಂದ ಏಳದೆ ದಾಟಿದೆವು. ಕಾಲಿಗೆ ಶ್ರಮವಿಲ್ಲದ ಯಾತ್ರೆಯಿಂದ ಮನಸ್ಸಿಗೆ ಸಂಸ್ಕಾರವಾದೀತೇ ಎಂಬ ಶಂಕೆಯು ಆಗ ನಮ್ಮಲ್ಲಿ ಮೂಡಿತು.

ದೇವಾಲಯದ ವೈಭವವನ್ನು ಅನೇಕರು ವರ್ಣಿಸಿದ್ದಾರೆ. ಮರಳು, ಹವಳದ ದಿಬ್ಬಗಳೇ ಹೆಚ್ಚಾಗಿರುವ ಈ ದ್ವೀಪಕ್ಕೆ ಹೊರಗಿನಿಂದ ಕಲ್ಲನ್ನು ಸಾಗಿಸಿ, ರಾಮನಾಥಪುರದ ಸೇತುಪತಿಗಳು ಹದಿನೆಂಟನೆಯ ಶತಮಾನದಲ್ಲಿ ಮೂರನೆಯ ಪ್ರಾಕಾರವನ್ನು ಪೂರೈಸಿದರು. ಅದರ ಕಂಬಗಳು 1,212 ಎಂದು ಲೆಕ್ಕ. ಸೇತುವನ್ನೂ ಅಲ್ಲಿಗೆ ಬರುವ ಯಾತ್ರಿಕರನ್ನೂ ಕಾಯುವುದೇ ಆ ಅರಸುಮನೆತನಕ್ಕೆ ಬಿರುದಾಗಿತ್ತು. ಗರ್ಭಗೃಹದಲ್ಲಿ ಪೂಜಿಸುವವರು ಮಹಾರಾಷ್ಟ್ರ ಮೂಲದ ವೈದಿಕರು. ಅವರಿಗೆ ದೀಕ್ಷೆಯು ನಮ್ಮ ಶೃಂಗೇರಿಯ ಪೀಠದಿಂದ. ತಮಿಳುನಾಡಿನ ಗುಡಿ, ಮಹಾರಾಷ್ಟ್ರದ ಅರ್ಚಕರು, ಕನ್ನಡನಾಡಿನ ಪೀಠ, ಹಿಮಾಲಯದ ನದಿಯ ನೀರು! ನಾಲ್ಕು ದಿಕ್ಕುಗಳೂ ಅಲ್ಲಿ ಒಂದೆಡೆ ಕೂಡಿದಂತೆ ನಮಗೆ ತೋರಿತು.

ಸ್ಥಳಪುರಾಣವು ವಾಚಕರಿಗೆ ತಿಳಿದುದೇ. ಕೈಲಾಸದಿಂದ ಲಿಂಗವನ್ನು ತರಲು ಹೋದ ಹನುಮಂತನು ಬರುವುದು ತಡವಾಗಲು, ಸೀತಾದೇವಿಯು ಮರಳಿನಿಂದ ಮಾಡಿದ ಲಿಂಗವನ್ನೇ ಶ್ರೀರಾಮನು ಪ್ರತಿಷ್ಠಿಸಿದನು. ತರುವಾಯ ಬಂದ ಹನುಮಂತನು ಖಿನ್ನನಾಗದಿರಲೆಂದು, ಅವನು ತಂದ ವಿಶ್ವಲಿಂಗಕ್ಕೇ ಮೊದಲ ಪೂಜೆಯೆಂದು ಕಟ್ಟುಮಾಡಿದನು. ಇಂದಿಗೂ ಅದೇ ಕ್ರಮ. ತಡವಾಗಿ ಬಂದವನ ಕಾಣಿಕೆಗೂ ಮನ್ನಣೆಯುಂಟೆಂಬ ಈ ಕಥೆಯನ್ನು ನೆನೆದು, ಮೂವತ್ತನಾಲ್ಕು ವರ್ಷ ಕಾದಿದ್ದ ಗಿಂಡಿಯನ್ನು ನಾವು ನೆಮ್ಮದಿಯಿಂದ ಒಪ್ಪಿಸಿದೆವು. ಬೆಸುಗೆಯನ್ನು ಕಿತ್ತಾಗ ನೀರು ಮುಕ್ಕಾಲುಪಾಲು ಉಳಿದಿತ್ತು. ಅದು ಲಿಂಗದ ಮೇಲೆ ಇಳಿಯಲು ಎಷ್ಟು ಹೊತ್ತು ಬೇಕು? ಒಂದು ಉಸಿರು. ನಮ್ಮ ಮನೆಯವರು ಬರಿದಾದ ಗಿಂಡಿಯನ್ನು ಅಭ್ಯಾಸಬಲದಿಂದ ಕಿವಿಯ ಬಳಿಗೆ ಒಯ್ದರು. ಆಮೇಲೆ ಸೆರಗಿನಿಂದ ಕಣ್ಣನ್ನೊರಸಿಕೊಂಡರು.

ಅಭಿಷೇಕಕ್ಕೆ ಮೊದಲು ಅಗ್ನಿತೀರ್ಥವೆನಿಸುವ ಸಮುದ್ರದಲ್ಲಿ ಮಿಂದು, ದೇವಾಲಯದೊಳಗಣ ಇಪ್ಪತ್ತೆರಡು ತೀರ್ಥಗಳಲ್ಲಿಯೂ ಸ್ನಾನಮಾಡಿದ್ದೆವು. ಇವುಗಳಲ್ಲಿ ಬಹಳವು ಬಾವಿಗಳೇ. ಆಳುಗಳು ಬಾವಿಯ ಕಟ್ಟೆಯ ಮೇಲೆ ನಿಂತು, ಹಗ್ಗ ಕಟ್ಟಿದ ಕೊಡದಿಂದ ನೀರನ್ನು ಸೇದಿ ತಲೆಯ ಮೇಲೆ ಸುರಿಯುತ್ತಾರೆ. ಕಡಲು ಕೂಗಳತೆಯಲ್ಲಿದೆ; ಆದರೂ ಬಾವಿಗಳ ನೀರು ಕಡಲಿನಂತೆ ಉಪ್ಪಲ್ಲ. ಇದಕ್ಕೆ ಶಾಸ್ತ್ರಜ್ಞರು ಹೇಳುವ ಕಾರಣವಿದು: ಮಳೆಯ ನೀರು ಮರಳಿನಲ್ಲಿ ಇಂಗಿ, ಸಮುದ್ರದ ನೀರಿಗಿಂತ ಹಗುರವಾದುದರಿಂದ, ನೆಲದೊಳಗಿರುವ ಉಪ್ಪುನೀರಿನ ಮೇಲೆ ಹಾಲಿನ ಮೇಲಣ ಕೆನೆಯಂತೆ ನಿಲ್ಲುತ್ತದೆ. ಸಮುದ್ರದ ಮಟ್ಟಕ್ಕಿಂತ 1 ಅಡಿ ಎತ್ತರದಲ್ಲಿ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿಗಳವರೆಗೆ ಸಿಹಿನೀರೇ ಇರಬಹುದು. ಆದರೆ ಲೆಕ್ಕವು ತಿರುಗಿಸಿದರೂ ಸತ್ಯವೇ ಆಗಿದೆ. ಮೇಲಿನ 1 ಅಡಿಯನ್ನು ಆಸೆಬುರುಕತನದಿಂದ ಸೇದಿಬಿಟ್ಟರೆ, ಕೆಳಗಿನ ಉಪ್ಪು ಆ 40 ಅಡಿಗಳನ್ನೂ ಕ್ರಮವಾಗಿ ನುಂಗುತ್ತ ಮೇಲೇರುತ್ತದೆ.

ಮರುದಿನ ದ್ವೀಪದ ತುದಿಯಾದ ಧನುಷ್ಕೋಟಿಗೆ ಹೋದೆವು. ಒಂದು ಕಾಲಕ್ಕೆ ಮದರಾಸಿನಿಂದ ಬಂದ ರೈಲು ಇಲ್ಲಿಯವರೆಗೂ ಓಡಿ, ಪ್ರಯಾಣಿಕರು ಹಡಗನ್ನೇರಿ ಸಿಂಹಳದ ತಲೈಮನ್ನಾರಿಗೆ ದಾಟುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತದಲ್ಲಿ ಕಡಲು ಊರಿನ ಮೇಲೆ ನುಗ್ಗಿತು. ನಿಲ್ದಾಣದ ಸಮೀಪಕ್ಕೆ ಬಂದಿದ್ದ ರೈಲೊಂದು, ನೂರಕ್ಕೂ ಮಿಕ್ಕ ಪ್ರಯಾಣಿಕರೊಡನೆ ಅಲೆಗಳ ಪಾಲಾಯಿತು. ಊರು ವಾಸಯೋಗ್ಯವಲ್ಲವೆಂದು ಸರ್ಕಾರವು ಸಾರಿತು. ಇಗರ್ಜಿಯ ಮೊಂಡುಗೋಡೆಗಳು ಇಂದಿಗೂ ಮರಳಿನಲ್ಲಿ ನಿಂತಿವೆ. ಇಷ್ಟಾದರೂ ಕೆಲವು ಬೆಸ್ತರ ಕುಟುಂಬಗಳು ಗುಡಿಸಲು ಕಟ್ಟಿಕೊಂಡು ಅಲ್ಲಿಯೇ ಬಾಳುತ್ತಿವೆ.

ಎರಡೂ ಕಡೆ ಕಡಲು, ನಡುವೆ ಮರಳಿನ ಪಟ್ಟೆ. ಅಲ್ಲಿ ಒಬ್ಬ ಮುದುಕಿಯು ಮೊಳಕಾಲುದ್ದದ ಒಂದು ಗುಣಿಯ ಬಳಿ ಕುಳಿತು, ತೆಂಗಿನ ಕರಟದಿಂದ ನೀರನ್ನು ಮೊಗೆದು ಕೊಡಕ್ಕೆ ತುಂಬುತ್ತಿದ್ದಳು. ನಾಲ್ಕು ಕರಟ ಮೊಗೆದು ಕೈಕಟ್ಟಿ ಕೂಡುವಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನಾಲ್ಕು. ನಮ್ಮ ಮನೆಯವರು ತಮಗೆ ಬಂದಷ್ಟು ತಮಿಳಿನಲ್ಲಿ, “ಯಾಕೆ ತಾಯಿ, ಒಂದೇ ಸಲಕ್ಕೆ ತುಂಬಿಕೊಳ್ಳಬಾರದೆ?” ಎಂದು ಕೇಳಿದರು. “ಮಳೆ ಬರುವುದಕ್ಕೆ ಇನ್ನೂ ದಿನವಿದೆಯಮ್ಮಾ. ಅವಸರಪಟ್ಟರೆ ಉಪ್ಪಾಗುತ್ತದೆ. ನನ್ನ ಹಿಂದೆ ಇನ್ನೂ ಮೂರು ಮನೆಯವರು ಬರಬೇಕು” ಎಂದು ಹೇಳಿ, ಒಂದು ಕರಟ ನೀರನ್ನು ನಮ್ಮ ಕಡೆಗೆ ಚಾಚಿದಳು. ಕುಡಿದೆವು. ನಮ್ಮ ಊರಿನ ಕೆರೆಯ ನೀರಿನಂತೆಯೇ ಸಿಹಿಯಾಗಿತ್ತು.

ಸೇತು ಎಂಬ ಶಬ್ದಕ್ಕೆ ಕಟ್ಟುವುದೆಂಬ ಅರ್ಥದ ಧಾತುವೇ ಮೂಲ. ಅದಕ್ಕೆ ದಾಟಿಸುವುದೆಂಬ ಅರ್ಥವಿರುವಂತೆಯೇ, ತಡೆದು ನಿಲ್ಲಿಸುವ ಕಟ್ಟೆಯೆಂಬ ಅರ್ಥವೂ ಉಂಟು. ಲೋಕಗಳು ಒಂದರೊಡನೊಂದು ಕಲಸಿಹೋಗದಂತೆ ಧರಿಸಿರುವ ಆತ್ಮನನ್ನು ಛಾಂದೋಗ್ಯೋಪನಿಷತ್ತು ಸೇತುವೆಂದೇ ಕರೆದಿದೆ. ಈ ಅರ್ಥವನ್ನು ನಾವು ಮೂವತ್ತು ವರ್ಷಗಳ ಕಾಲ ಹಲಗೆಯ ಮೇಲೆ ಬರೆದು ಹುಡುಗರಿಗೆ ಕಲಿಸಿದ್ದುಂಟು. ಅದನ್ನು ಬದುಕಿನಲ್ಲಿ ಆಚರಿಸುತ್ತಿದ್ದವಳನ್ನು ಕಂಡುದು ಆ ಮರಳಿನಲ್ಲಿ. ಇತ್ತ ಉಪ್ಪು, ಅತ್ತ ಉಪ್ಪು. ನಡುವಣ ಸಿಹಿಯು ನಿಂತಿರುವುದು ಅವಳಂಥವರ ಕೈಯ ತಡೆಯಿಂದ.

ಈಗ ಸೇತುವೆಗಳು ಹೆಚ್ಚಿವೆ, ಯಾತ್ರಿಕರೂ ಹೆಚ್ಚುವರು. ಅದು ಸಂತೋಷವೇ, ಮುದುಕರೂ ರೋಗಿಗಳೂ ರಾಮನಾಥನನ್ನು ಕಾಣಬಲ್ಲರು. ಆದರೆ ಒಬ್ಬೊಬ್ಬರೂ ಛತ್ರದ ಕೋಣೆಯಲ್ಲಿ ನಲ್ಲಿಯನ್ನು ತಿರುವುವಾಗ, ಆ ನೀರು ಯಾವ ನಲವತ್ತು ಅಡಿಯದೆಂದು ಒಂದು ಕ್ಷಣ ನೆನೆಯಬೇಕು. ದಾರಿಯ ಶ್ರಮವನ್ನು ಸೇತುವೆಯು ಪರಿಹರಿಸಿತು; ಹಿತಮಿತದ ಶ್ರಮವನ್ನು ಯಾವ ಸೇತುವೆಯೂ ಪರಿಹರಿಸಲಾರದು. ನಮ್ಮ ಶಂಕೆಗೆ ಸಿಕ್ಕ ಸಮಾಧಾನವಿದು. ರಾಮೇಶ್ವರಕ್ಕೆ ಹೋಗುವ ವಾಚಕರು ಗಂಗೆಯನ್ನು ಅವಶ್ಯವಾಗಿ ಕೊಂಡೊಯ್ಯಲಿ. ಹಿಂದಿರುಗುವಾಗ ಸೇತುವಿನ ಮರಳಿನೊಡನೆ ಆ ಮುದುಕಿಯ ಮಾತನ್ನೂ ಕಟ್ಟಿಕೊಂಡು ಬರಲಿ: ನಮ್ಮ ಹಿಂದೆ ಇನ್ನೂ ಮೂರು ಮನೆಯವರು ಬರಬೇಕು.