ಹನ್ನೆರಡು ಸಾವಿರ ಕುದುರೆಗಳ ಲಗಾಮು

ನಮ್ಮಪ್ಪ ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದರು. ಉಗಿ ಎಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವುದು ಅವರ ಕೆಲಸ. ರಾತ್ರಿ ಯಾವ ಹೊತ್ತಿನಲ್ಲಾದರೂ ಕಾಲ್‌ಬಾಯ್ ಬಂದು ಬಾಗಿಲು ತಟ್ಟುತ್ತಿದ್ದ. ಅಪ್ಪ ಎದ್ದು ಹೊರಟುಬಿಡುತ್ತಿದ್ದರು. ತಿರುಗಿ ಬಂದಾಗ ಕಣ್ಣಿನ ಬಿಳಿ ಬಿಟ್ಟು ಉಳಿದದ್ದೆಲ್ಲ ಕಪ್ಪು. ಅಂಗೈ ತುಂಬ ಬೊಕ್ಕೆ. ಅಮ್ಮ ಕೊಬ್ಬರಿ ಎಣ್ಣೆ ಸವರುತ್ತಿದ್ದುದು ನನಗೂ ಅಕ್ಕನಿಗೂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಆರನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು, ತಾನು ರೈಲು ಎಂಜಿನ್ ಓಡಿಸುತ್ತೇನೆ ಎನ್ನುತ್ತಾಳೆ. ಅಕ್ಕನಿಗೆ ಅದು ಸುತರಾಂ ಇಷ್ಟವಿಲ್ಲ. "ಅಪ್ಪನ ತೋಳು ನೋಡಿದ್ದೀಯಲ್ಲೇ, ಆ ಕೆಲಸ ಹೆಣ್ಣುಮಗುವಿನ ಕೈಲಿ ಆಗುತ್ತಾ?" ಎಂದು ನನ್ನನ್ನೇ ಗದರಿದಳು.

"ದೊಡ್ಡಜ್ಜೀ, ಈಗ ಸಲಿಕೆ ಇಲ್ಲ, ಕುದುರೆ ಇದೆ" ಎಂದಳು ಮೊಮ್ಮಗಳು. ಒಂದು ನೋಟ್‌ಬುಕ್ ತಂದು ನಮ್ಮಿಬ್ಬರ ಮುಂದೆ ಕೂತಳು. ಅವತ್ತು ಅಜ್ಜಿಯರಿಗೆ ಮೊಮ್ಮಗಳದ್ದೇ ಪಾಠ. ಮಕ್ಕಳೇ, ಆ ಪಾಠವನ್ನು ನಿಮಗೂ ಹೇಳುತ್ತೇನೆ.

ಸುಮಾರು 75 ಕಿಲೋ ತೂಕದ ಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವಷ್ಟು ಸಾಮರ್ಥ್ಯಕ್ಕೆ ಒಂದು ಅಶ್ವಶಕ್ತಿ ಎಂದು ಹೆಸರು. ಉಗಿ ಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಜನರಿಗೆ ತಿಳಿಸಲು ಈ ಲೆಕ್ಕ ಬಳಸಿದ.

ನಮ್ಮ ದೇಶದ ಎಂಜಿನ್ನುಗಳು ಎಲ್ಲೆಲ್ಲಿ ಹುಟ್ಟುತ್ತವೆ? ಪಶ್ಚಿಮ ಬಂಗಾಳದ ಚಿತ್ತರಂಜನ್ ಹಿರಿಯಣ್ಣ. ದೇಶಬಂಧು ಚಿತ್ತರಂಜನ್ ದಾಸ್ ಅವರ ಹೆಸರಿನ ಈ ಕಾರ್ಖಾನೆಯಲ್ಲಿ 1950ರಲ್ಲಿ ಉಗಿ ಎಂಜಿನ್ ತಯಾರಿ ಶುರುವಾಯಿತು. 1961ರಿಂದ ವಿದ್ಯುತ್ ಎಂಜಿನ್. 1972ರಲ್ಲಿ ಉಗಿ ಎಂಜಿನ್ ಕಟ್ಟುವುದನ್ನು ನಿಲ್ಲಿಸಿದರು. ಅಪ್ಪ ಕಲ್ಲಿದ್ದಲು ಹಾಕುತ್ತಿದ್ದ ಮೀಟರ್‌ಗೇಜಿನ ವೈಪಿ ಎಂಜಿನ್ನುಗಳನ್ನು ಜಮ್‌ಶೆಡ್‌ಪುರದ ಟೆಲ್ಕೊ ಕಾರ್ಖಾನೆಯಲ್ಲೂ ಕಟ್ಟುತ್ತಿದ್ದರು.

ವಾರಾಣಸಿಯ ಕಾರ್ಖಾನೆಯಿಂದ 1964ರಲ್ಲಿ ಡೀಸೆಲ್ ಎಂಜಿನ್ ಹೊರಬಂತು. ಅಲ್ಲಿ ಕಟ್ಟಿದ ಡಬ್ಲ್ಯುಡಿಎಂ-2 ಎಂಬ ಎಂಜಿನ್ನಿನ ಶಕ್ತಿ 2,600 ಅಶ್ವಶಕ್ತಿ. ನಿಮ್ಮ ಅಜ್ಜ ಅಜ್ಜಿಯರ ಪ್ರಯಾಣವೆಲ್ಲ ಬಹುಶಃ ಅದರ ಹಿಂದೆಯೇ ಸಾಗಿದೆ. ಈಗ ವಾರಾಣಸಿಯಲ್ಲೂ ವಿದ್ಯುತ್ ಎಂಜಿನ್ ತಯಾರಾಗುತ್ತದೆ. ಇಂದು ಎಕ್ಸ್‌ಪ್ರೆಸ್ ರೈಲುಗಳ ಮುಂದೆ ಕಾಣುವ ಡಬ್ಲ್ಯುಎಪಿ-7ರ ಶಕ್ತಿ 6,350 ಅಶ್ವಶಕ್ತಿ. ಬಿಹಾರದ ಮಢೌರಾದಲ್ಲಿ 4,500 ಮತ್ತು 6,000 ಅಶ್ವಶಕ್ತಿಯ ಡೀಸೆಲ್ ಎಂಜಿನ್ನುಗಳು, ಗುಜರಾತಿನ ದಾಹೋದ್‌ನಲ್ಲಿ 9,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ನುಗಳು ಸಿದ್ಧವಾಗುತ್ತವೆ. ಬಿಹಾರದ ಮಧೇಪುರಾದಲ್ಲಿ ಕಟ್ಟುವ ಡಬ್ಲ್ಯುಎಜಿ-12 ಎಲ್ಲಕ್ಕಿಂತ ದೊಡ್ಡದು: ಎರಡು ಭಾಗ ಜೋಡಿಸಿದ ಒಂದೇ ಎಂಜಿನ್, 12,000 ಅಶ್ವಶಕ್ತಿ! 2020ರಿಂದ ಗೂಡ್ಸ್ ರೈಲುಗಳನ್ನು ಎಳೆಯುತ್ತಿದೆ.

"ನಮ್ಮ ಕರ್ನಾಟಕದ್ದು ಏನೂ ಇಲ್ಲವೇನೇ?" ಎಂದಳು ಅಕ್ಕ. ಇದೆ. ಬೆಂಗಳೂರಿನ ಯಲಹಂಕದ ಕಾರ್ಖಾನೆಯಲ್ಲಿ 1984ರಿಂದ ರೈಲಿನ ಗಾಲಿ ಮತ್ತು ಅಚ್ಚುಗಳು ತಯಾರಾಗುತ್ತಿವೆ. ದೇಶದ ಮೂಲೆಮೂಲೆಯಲ್ಲಿ ಅವು ಉರುಳುತ್ತಿವೆ.

ಇಷ್ಟು ಶಕ್ತಿಯೇಕೆ ಬೇಕು? ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯನ್ನೇ ನೋಡಿ. ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳು. 50 ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಕಡಿದು ದಾರಿ. ನಡೆಯುವವರಿಗೆ ಇದು ಏರೇ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಮಾತ್ರ ದೊಡ್ಡ ಬೆಟ್ಟ. ಭಾರದ ರೈಲು ಘಾಟಿ ಹತ್ತುವಾಗ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಜೋಡಿಸುತ್ತಾರೆ. ಅದಕ್ಕೆ ಬ್ಯಾಂಕರ್ ಎನ್ನುತ್ತಾರೆ.

ವಿದ್ಯುತ್ ಎಂಜಿನ್ ಮೇಲಿನ ತಂತಿಯಿಂದ 25,000 ವೋಲ್ಟ್ ವಿದ್ಯುತ್ ಪಡೆದು ಗಾಲಿಗಳ ಮೋಟಾರು ತಿರುಗಿಸುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಈಗಿನ ಎಂಜಿನ್ನಿನ ಅದೇ ಮೋಟಾರು ವಿದ್ಯುತ್ ತಯಾರಿಸಿ ತಂತಿಗೆ ವಾಪಸು ಕೊಡುತ್ತದೆ. ಚಾಲಕರ ಕೈಗೆ ಬರುವುದು ಒಂದು ಸಣ್ಣ ಹಿಡಿ. ಬೇಕಾದದ್ದು ತೋಳಿನ ಬಲವಲ್ಲ, ಕಣ್ಣಿನ ಎಚ್ಚರ.

ಸಾತಾರಾದ ಸುರೇಖಾ ಯಾದವ್ 1989ರಲ್ಲಿ ಸಹಾಯಕ ಚಾಲಕಿಯಾಗಿ ಸೇರಿದರು. ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎಂದು ಹೆಸರಾದರು. ಡೆಕ್ಕನ್ ಕ್ವೀನ್ ರೈಲನ್ನು ಘಾಟಿ ದಾಟಿಸಿದರು, ವಂದೇ ಭಾರತ್ ಓಡಿಸಿದರು, 2025ರಲ್ಲಿ ನಿವೃತ್ತರಾದರು. ಇದನ್ನು ಓದಿ ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಸಲಿಕೆ ಹೋಯಿತು, ಸರಿ. ರಾತ್ರಿ ಪಾಳಿ ಹೋಯಿತೇ?" ಎಂದಳು ಆಮೇಲೆ.

ಹೋಗಿಲ್ಲ. ಅಕ್ಕನ ಮಾತಿನಲ್ಲೂ ಸತ್ಯವಿದೆ. ಮಲಗಿರುವ ಸಾವಿರಾರು ಜನರ ಜೀವ ಎಚ್ಚರವಾಗಿರುವ ಇಬ್ಬರ ಕೈಯಲ್ಲಿರುತ್ತದೆ. ಅಮ್ಮ ಎಷ್ಟು ರಾತ್ರಿ ಬಾಗಿಲು ನೋಡುತ್ತ ಕೂತಿದ್ದಳು ಎಂಬುದು ನಮಗಿಬ್ಬರಿಗೂ ಗೊತ್ತು. ಆ ಆತಂಕವನ್ನು ಯಾವ ಕಾರ್ಖಾನೆಯೂ ಕಡಿಮೆ ಮಾಡಲಾರದು. ಆದರೆ ಅಪ್ಪ ಆ ಕೆಲಸವನ್ನು ಒಂದು ದಿನವೂ ಹಳಿದವರಲ್ಲ.

ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ ಅಥವಾ ಡಿಪ್ಲೊಮಾ ಓದಬೇಕು, ಪರೀಕ್ಷೆ ಪಾಸಾಗಬೇಕು, ಕಣ್ಣು ಚುರುಕಾಗಿರಬೇಕು, ಮೊದಲು ಸಹಾಯಕ ಲೋಕೋ ಪೈಲಟ್ ಆಗಬೇಕು ಎಂದು ಮೊಮ್ಮಗಳು ಪಟ್ಟಿ ಓದಿದಳು.

"ಕಣ್ಣು ಚುರುಕಾಗಿರಬೇಕು ತಾನೇ? ಹಾಗಾದರೆ ನಾಳೆಯಿಂದ ಆ ಮೊಬೈಲು ನನ್ನ ಹತ್ತಿರ ಇರಲಿ" ಎಂದು ಅಕ್ಕ ಕೈ ಚಾಚಿದಳು. ಮೊಮ್ಮಗಳು ಒಂದು ಗಳಿಗೆ ಯೋಚಿಸಿ, ಕೊಟ್ಟೇಬಿಟ್ಟಳು.